ಗಲ್ಲದ ಮೇಲಿನ ವಿಭೂತಿ

ಮೊನ್ನೆ ಶಿಕಾರಿಪುರದಲ್ಲಿ ನಮ್ಮ ಹಳೆಯ ಎದುರು ಮನೆಯವರ ಶಿವಗಣಾರಾಧನೆಗೆ ಹೋಗಿದ್ದೆ. ಹೊತ್ತಿಗೆ ಸರಿಯಾಗಿ ಹೋದೆ, ಪೂಜೆ ಮುಗಿಯುವವರೆಗೆ ಕೂತೆ, ಪಂಕ್ತಿಯಲ್ಲಿ ಊಟ ಮಾಡಿ ಎದ್ದು ಬಂದೆ. ಸಾವಿನ ಮನೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಕೂರುವುದು ನನ್ನ ಕ್ರಮವಲ್ಲ. ಆದರೆ ಆ ಪಂಕ್ತಿಯಲ್ಲಿ ಒಬ್ಬ ಮುದುಕಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು, ನಾನು ಉತ್ತರ ಕೊಟ್ಟೆ. ಆ ಉತ್ತರವನ್ನು ಯಾಕೆ ಕೊಟ್ಟೆ ಎಂದು ತಿಳಿಯಬೇಕಾದರೆ ಅವರು ಎಂಥವರಾಗಿದ್ದರು ಎಂಬುದು ತಿಳಿಯಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸೊರಬ ತಾಲ್ಲೂಕಿನಲ್ಲಿ ಹೆರಿಗೆಯ ನರ್ಸಾಗಿದ್ದೆ. ಅವರದು ನಮ್ಮ ಎದುರು ಮನೆ. ಮೂಲತಃ ಶಿಕಾರಿಪುರದ ಜವಳಿ ಅಂಗಡಿಯವರು. ಅಂಗಡಿಯನ್ನು ಅಣ್ಣನಿಗೆ ಬಿಟ್ಟು, ಒಂದು ಹಳೆಯ ಬಿಳಿ ವ್ಯಾನು ಕೊಂಡು, ಹೆಂಡತಿಯ ತವರೂರಾದ ಸೊರಬಕ್ಕೆ ಬಂದು ಬಾಡಿಗೆ ಓಡಿಸುತ್ತಿದ್ದರು. ಅಂಗಡಿ ಬಿಟ್ಟರೂ ಅಂಗಡಿಯ ನಾಲಿಗೆ ಅವರನ್ನು ಬಿಟ್ಟಿರಲಿಲ್ಲ. ಗಿರಾಕಿ ಕೇಳಿದ ಸೀರೆ ಅಂಗಡಿಯಲ್ಲಿ ಇಲ್ಲದಿದ್ದರೂ ಇಲ್ಲ ಎನ್ನಬಾರದು, ‘ಬರ್ತದ್ರೀ’ ಎನ್ನಬೇಕು ಎಂದು ಅವರ ತಂದೆ ಕಲಿಸಿದ್ದರಂತೆ. ವ್ಯಾನಿಗೂ ಅದನ್ನೇ ಮುಂದುವರಿಸಿದರು. ಒಂದೇ ಬೆಳಿಗ್ಗೆಗೆ ತೊಗರ್ಸಿ ದೇವಸ್ಥಾನಕ್ಕೆ ಹೋಗುವವರು ಕೇಳಿದರೆ ಬರ್ತದ್ರೀ, ಈಸೂರಿಗೆ ಹೆಣ್ಣು ನೋಡಲು ಹೋಗುವವರು ಕೇಳಿದರೂ ಬರ್ತದ್ರೀ. ಎರಡು ಮನೆಯವರೂ ಸಿಂಗರಿಸಿಕೊಂಡು ಅವರ ಕಟ್ಟೆಯ ಮೇಲೆ ಕೂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವತ್ತು ಅವರು ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದು, ‘ಅಕ್ಕಾರೇ, ನೀವೇ ಒಂದು ದಾರಿ ಹೇಳ್ರಿ’ ಎಂದಿದ್ದರು. ಮೊದಲು ಕೇಳಿದವರು ಮೊದಲು ಹೋಗಲಿ ಎಂದೆ. ಮೊದಲು ಕೇಳಿದವರು ಯಾರೆಂಬುದು ಅವರಿಗೆ ನೆನಪಿರಲಿಲ್ಲ.

ನನ್ನಂಥವಳಿಗೆ ಇಂಥ ನೆರೆಯವರು ಒಂದು ಶಿಕ್ಷೆ. ನಾನು ಕಲಿತ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಮಲಗಬೇಕು. ಕತ್ತರಿ ಇಟ್ಟ ಜಾಗದಲ್ಲಿ ಕತ್ತರಿಯೇ ಇರಬೇಕು. ಎಲೆಗೆ ಬಡಿಸಿದ್ದನ್ನು ಉಣ್ಣಬೇಕು, ಎರಡನೆಯ ಸಲ ಬಡಿಸಿಕೊಳ್ಳಬಾರದು. ಅವರ ಹೆಂಡತಿ ಹಬ್ಬಕ್ಕೆ ಕರೆದಾಗಲೆಲ್ಲ ಪಾಯಸದ ಸೌಟು ಹಿಡಿದು ನಿಲ್ಲುತ್ತಿದ್ದರು, ನಾನು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ‘ಅಕ್ಕಾರ್ದು ಮಿಲ್ಟ್ರಿ ಹೊಟ್ಟೆ ಕಣೇ, ಬಿಡು’ ಎಂದು ಗಂಡ ನಗುತ್ತಿದ್ದರು.

ಆ ವ್ಯಾನಿಗೆ ಅವರು ಹುಬ್ಬಳ್ಳಿಯಲ್ಲಿ ಗ್ಯಾಸ್ ಹಾಕಿಸಿಕೊಂಡು ಬಂದರು. ಪೆಟ್ರೋಲಿನಿಂದಲೂ ಓಡುತ್ತದೆ, ಗ್ಯಾಸಿನಿಂದಲೂ ಓಡುತ್ತದೆ. ಒಂದು ಸ್ವಿಚ್ಚು ತಿರುಗಿಸಿದರೆ ಆಯಿತು. ಆಗ ನಮ್ಮ ಕಡೆ ವಾಹನಕ್ಕೆ ಗ್ಯಾಸ್ ತುಂಬುವ ಬಂಕುಗಳಿರಲಿಲ್ಲ. ಅಡುಗೆಮನೆಯ ಸಿಲಿಂಡರನ್ನು ತಲೆಕೆಳಗು ಮಾಡಿ, ಪೈಪು ಕಟ್ಟಿ, ವ್ಯಾನಿನ ಟ್ಯಾಂಕಿಗೆ ಇಳಿಸುತ್ತಿದ್ದರು. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ನಾನು ಎರಡನ್ನೂ ಹೇಳಿದೆ. ‘ಹೌದ್ರೀ’ ಎಂದರು. ಅವರು ಹೌದ್ರೀ ಎಂದರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದರ್ಥ.

ಸ್ವಿಚ್ಚಿನ ಪಕ್ಕದಲ್ಲಿ ಗೇಜು ಇತ್ತು. ನಾಲ್ಕು ಹಸಿರು ದೀಪ, ಒಂದು ಕೆಂಪು. ಟ್ಯಾಂಕಿನಲ್ಲಿ ಗ್ಯಾಸ್ ಇಳಿದಂತೆ ಹಸಿರು ದೀಪಗಳು ಒಂದೊಂದಾಗಿ ಆರಬೇಕು, ಕೊನೆಗೆ ಕೆಂಪು ಹತ್ತಬೇಕು. ಒಂದು ತಿಂಗಳು ಹಾಗೆಯೇ ನಡೆಯಿತು. ಆಮೇಲೆ ನಾಲ್ಕೂ ಹಸಿರು ದೀಪಗಳು ಹತ್ತಿದವು ಹತ್ತಿದಂತೆಯೇ ಉಳಿದವು. ತುಂಬಿದಾಗಲೂ ನಾಲ್ಕು, ಖಾಲಿಯಾದಾಗಲೂ ನಾಲ್ಕು. ಒಡೆಯನಂತೆಯೇ ಗೇಜೂ ಇಲ್ಲ ಎನ್ನುವುದನ್ನು ಮರೆಯಿತು ಎಂದು ನಾನೇ ಒಮ್ಮೆ ಅವರ ಹೆಂಡತಿಯ ಮುಂದೆ ಹೇಳಿದ್ದೆ.

ಅದನ್ನು ಸರಿಮಾಡಲು ಅವರು ಮಾಡದ ಕಸರತ್ತಿಲ್ಲ. ವೈರು ಬಿಚ್ಚಿ ಕೆರೆದು ಮತ್ತೆ ಕಟ್ಟಿದರು. ಅರ್ತಿಂಗ್ ವೈರು ಸಡಿಲವಾಗಿರಬಹುದೆಂದು ಯಾರೋ ಹೇಳಿದರು, ಅದನ್ನೂ ಬಿಗಿದರು. ಹೆಂಡತಿಯ ಒನಕೆ ತಂದು ಟ್ಯಾಂಕಿಗೆ ಮೆಲ್ಲಗೆ ತಟ್ಟಿದರು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರೆಲ್ಲ ಆ ಗೇಜಿಗೆ ವೈದ್ಯರಾದರು. ಗುಂಡಿಗಳ ಮೇಲೆ ಜೋರಾಗಿ ಹಾರಿಸಿದರೆ ಒಳಗೆ ಸಿಕ್ಕಿಕೊಂಡದ್ದು ಬಿಡುತ್ತದೆ ಎಂದು ಒಬ್ಬ ಹೇಳಿದ. ಒಂದು ವಾರ ಪ್ರಯಾಣಿಕರ ತಲೆಗಳು ವ್ಯಾನಿನ ಸೂರಿಗೆ ಬಡಿದವು. ಕೊನೆಗೆ ಶಿರಾಳಕೊಪ್ಪದ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನ ಮೇಲಿದ್ದ ಪುಟ್ಟ ಡಯಲ್ಲನ್ನು ಬಿಚ್ಚಿ, ಅದರ ಹತ್ತಿರ ಅಯಸ್ಕಾಂತ ಹಿಡಿದು ತಿರುಗಿಸಿದರು. ದೀಪಗಳು ಹೇಳಿದಂತೆ ಕೇಳಿದವು, ಹತ್ತಿದವು, ಆರಿದವು. ಅಂದರೆ ವೈರೂ ಸರಿ, ದೀಪವೂ ಸರಿ. ತಪ್ಪು ಟ್ಯಾಂಕಿನ ಒಳಗೆ. ಗ್ಯಾಸಿನ ಮೇಲೆ ತೇಲಬೇಕಾದ ಗುಂಡು ಮೇಲೆಯೇ ಎಲ್ಲೋ ಸಿಕ್ಕಿಕೊಂಡಿದೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಬಿಚ್ಚಬೇಕು, ಅದಕ್ಕೆ ಹುಬ್ಬಳ್ಳಿಗೇ ಹೋಗಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ ಸ್ವಲ್ಪ ದೂರ ಪೆಟ್ರೋಲಿನಲ್ಲಿ ಓಡಿಸಿ, ಇಲ್ಲದಿದ್ದರೆ ಪೆಟ್ರೋಲಿನ ಪಂಪು ಒಣಗಿಹೋಗುತ್ತದೆ ಎಂದೂ ಆ ಮೆಕ್ಯಾನಿಕ್ ಹೇಳಿ ಕಳುಹಿಸಿದರು.

ಎರಡಕ್ಕೂ ಹೌದ್ರೀ ಎಂದು ಬಂದರು. ಎರಡನ್ನೂ ಮಾಡಲಿಲ್ಲ.

ಅದರ ಬದಲು ಅವರ ಮನೆಯಲ್ಲಿ ಬೇರೊಂದು ಗೇಜು ಹುಟ್ಟಿಕೊಂಡಿತು. ಅಡುಗೆಮನೆಯ ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂದು ನೋಡಲು ಹೆಂಗಸರು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಗ್ಯಾಸ್ ಇರುವವರೆಗಿನ ಭಾಗ ತಡವಾಗಿ ಆರುತ್ತದೆ, ಮೇಲಿನ ಭಾಗ ಬೇಗ ಆರುತ್ತದೆ. ಅವರ ಹೆಂಡತಿ ಬೆಳಿಗ್ಗೆ ಹೊಸ್ತಿಲು ತೊಳೆದು ವಿಭೂತಿ ಹಚ್ಚುವಾಗ ಅದೇ ಒದ್ದೆ ಬಟ್ಟೆಯನ್ನು ವ್ಯಾನಿನ ಟ್ಯಾಂಕಿಗೂ ಆಡಿಸಿದರು. ಹಿಂದಿನ ಬಾಗಿಲು ತೆರೆದರೆ ಟ್ಯಾಂಕಿನ ದುಂಡು ಮುಖ ಕಾಣುತ್ತದೆ. ತೇವ ಎಲ್ಲಿಯವರೆಗೆ ಉಳಿಯಿತೋ ಅಲ್ಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಮೇಲಿದ್ದರೆ ಹಣೆ, ನಡುವೆ ಬಂದರೆ ಮೂಗು, ಕೆಳಗಿಳಿದರೆ ಗಲ್ಲ. ಗಂಡ ಎದ್ದು ಬಂದು ಅದನ್ನು ನೋಡಿಯೇ ವ್ಯಾನು ತೆಗೆಯುತ್ತಿದ್ದರು. ಗಲ್ಲಕ್ಕೆ ಬಂದಿದ್ದರೆ ಸಿಲಿಂಡರ್ ತಂದು ತುಂಬುತ್ತಿದ್ದರು. ವಿಭೂತಿ ಅಳತೆಗೋಲಲ್ಲ ಎಂದು ನಾನು ಹೇಳಿದೆ. ‘ಇದುವರೆಗೂ ಸುಳ್ಳು ಹೇಳಿಲ್ರೀ’ ಎಂದರು. ನಿಜ. ಬಹಳ ತಿಂಗಳು ಅದು ಸುಳ್ಳು ಹೇಳಲಿಲ್ಲ.

ಕ್ಯಾಸನೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಗಂಡ ತೀರಿಹೋದ ಒಬ್ಬ ತಾಯಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಒಬ್ಬಳೇ ಮಗಳು. ನೋವು ಶುರುವಾಗಿದೆ, ಮಗು ಇಳಿಯುತ್ತಿಲ್ಲ ಎಂದು ಬೆಳಗಾಗುವ ಮೊದಲೇ ನನಗೆ ಕರೆ ಬಂತು. ನಾನು ಎದುರು ಮನೆಯ ಬಾಗಿಲು ತಟ್ಟಿದೆ. ಅವರು ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಎದ್ದು ಬಂದರು. ಹೆಂಡತಿ ಆಗಲೇ ವಿಭೂತಿ ಎಳೆದು ಬಾವಿಯ ಕಡೆಗೆ ಹೋಗಿದ್ದರು. ಅವತ್ತು ಅವರು ಹಿಂದಿನ ಬಾಗಿಲು ತೆರೆದು ನೋಡಲಿಲ್ಲ. ನೋಡಿದ್ದರೆ ಗಲ್ಲ ಕಾಣುತ್ತಿತ್ತು.

ಹಳ್ಳಿ ತಲುಪಿದೊಡನೆ ನಾನು ಹುಡುಗಿಯನ್ನು ಪರೀಕ್ಷಿಸಿದೆ. ಮಗು ಅಡ್ಡ ಬಿದ್ದಿತ್ತು. ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಕೊಯ್ದೇ ತೆಗೆಯಬೇಕು, ಸೊರಬದಲ್ಲಿ ಆಗ ಅದಕ್ಕೆ ಅನುಕೂಲವಿರಲಿಲ್ಲ. ಆದರೆ ಮಗುವಿನ ಎದೆಬಡಿತ ಚೆನ್ನಾಗಿತ್ತು. ಹೊತ್ತು ಮಾಡದೆ ಹೊರಟರೆ ಎರಡು ಜೀವವೂ ಉಳಿಯುತ್ತವೆ ಎಂದು ಆ ತಾಯಿಗೆ ಹೇಳಿದೆ. ಅವರು ವ್ಯಾನಿನ ಪಕ್ಕದ ಬಾಗಿಲಿನಿಂದ ಸೀಟು ಮಡಚಿ, ಹಿಂದಿನ ಬಾಗಿಲು ತೆರೆದು ಹಾಸಿಗೆ ಹಾಸಲು ತಾಯಿಗೆ ಹೇಳಿ, ಹುಡುಗಿಯನ್ನು ಎತ್ತಿ ತರಲು ನನ್ನೊಡನೆ ಒಳಗೆ ಬಂದರು. ನಾವು ಹೊರಗೆ ಬರುವಷ್ಟರಲ್ಲಿ ಹಾಸಿಗೆ ಸಿದ್ಧವಾಗಿತ್ತು. ಹುಡುಗಿಯನ್ನು ಮಲಗಿಸುವಾಗ ಅವರ ಕಣ್ಣು ಟ್ಯಾಂಕಿನ ಕಡೆ ಹೋಯಿತು.

‘ಹಣೆಗೈತ್ರಿ ಅಕ್ಕಾರೇ, ಶಿವಮೊಗ್ಗದ ತನಕ ಚಿಂತಿಲ್ಲ’ ಎಂದರು.

ಸೊರಬ ದಾಟುವಾಗ ಅವರ ಮನೆಯ ಮುಂದೆಯೇ ಹೋದೆವು. ಕಟ್ಟೆಯ ಮೇಲೆ ತುಂಬಿದ ಸಿಲಿಂಡರ್ ನಿಂತಿತ್ತು. ಹೆಂಡತಿ ಬಾಗಿಲಿಗೆ ಬಂದು ಕೈ ಎತ್ತಿದರು. ಅವರು ಹಾರ್ನ್ ಹೊಡೆದು ಮುಂದೆ ಹೋದರು.

ಶಿರಾಳಕೊಪ್ಪ ಇನ್ನೂ ದೂರವಿತ್ತು. ಎರಡೂ ಕಡೆ ಕೊಯ್ದ ಗದ್ದೆ, ಒಂದು ಮನೆಯಿಲ್ಲ. ವ್ಯಾನು ಎರಡು ಸಲ ಕೆಮ್ಮಿ ನಿಂತಿತು. ಅವರು ಸ್ವಿಚ್ಚನ್ನು ಪೆಟ್ರೋಲಿಗೆ ತಿರುಗಿಸಿದರು. ಇಂಜಿನ್ನು ಗರಗರ ಎಂದಿತು, ಹತ್ತಲಿಲ್ಲ. ಇಳಿದು ಪೈಪು ಕಿತ್ತು ಬಾಯಿಂದ ಊದಿದರು, ಎಳೆದರು, ಪೆಟ್ರೋಲು ಉಗುಳಿದರು. ಮತ್ತೆ ಹತ್ತಿ ತಿರುಗಿಸಿದರು. ಪಂಪು ಒಣಗಿತ್ತು. ನಾಲ್ಕು ಹಸಿರು ದೀಪಗಳು ಮಾತ್ರ ಚೆನ್ನಾಗಿ ಉರಿಯುತ್ತಿದ್ದವು.

ಹಿಂದೆ ಬಂದು ಬಾಗಿಲು ತೆರೆದು ಟ್ಯಾಂಕಿಗೆ ಬೆರಳಿನ ಗೆಣ್ಣಿನಿಂದ ಬಡಿದರು. ಖಾಲಿ ಕೊಡದ ಸದ್ದು. ಆಗ ಆ ವಿಭೂತಿಯನ್ನು ಸರಿಯಾಗಿ ನೋಡಿದರು. ನಾನೂ ನೋಡಿದೆ. ಅವರ ಹೆಂಡತಿಯ ಬೆರಳು ತೆಳು, ಅವರು ಎಳೆದರೆ ನೂಲು ಎಳೆದಂತಿರುತ್ತದೆ. ಇದು ದಪ್ಪಗೆ, ಅಗಲವಾಗಿ, ನಡುವೆ ಕುಂಕುಮದ ಬೊಟ್ಟಿನೊಂದಿಗೆ ಇತ್ತು. ಹುಡುಗಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ತಾಯಿಯ ಬೆರಳುಗಳಲ್ಲಿ ಇನ್ನೂ ಬಿಳಿ ಬೂದಿ ಮೆತ್ತಿತ್ತು.

‘ಯಾಕಪ್ಪ, ಏನಾತು?’ ಎಂದಳು ಆಕೆ. ‘ಯಾರೋ ತಿಳೀದೋರು ದೇವರ ಗಲ್ಲಕ್ಕೆ ಬಳಿದಿದ್ರು. ನಾನು ಸೆರಗಲ್ಲಿ ಒರೆಸಿ, ಜಗಲಿ ವಿಭೂತಿ ತಂದು ಹಣೆಗೆ ಹಚ್ಚಿ, ಕೈ ಮುಗಿದೇ ಹತ್ತಿದ್ದೆ. ಆದ್ರೂ ಹಿಂಗಾತಲ್ಲ.’

ಅವರು ನನ್ನ ಮುಖ ನೋಡಿದರು. ಬಾಯಿಯ ಸುತ್ತ ಪೆಟ್ರೋಲು ಇನ್ನೂ ಆರಿರಲಿಲ್ಲ. ಆಮೇಲೆ ಆಕೆಯ ಕಡೆ ತಿರುಗಿದರು.

‘ನೀವು ಚಲೋನೇ ಮಾಡೀರಿ ಅವ್ವ. ಇದು ಗೇಜಿಂದು. ನಾಲ್ಕೂ ದೀಪ ಉರಿಯಾಕ ಹತ್ಯಾವು ನೋಡ್ರಿ, ತುಂಬೈತಿ ಅಂತ ಸುಳ್ಳು ಹೇಳ್ತು ಹಾಳಾದ್ದು.’

ಅಷ್ಟು ಹೇಳಿ ಶಿರಾಳಕೊಪ್ಪದ ದಿಕ್ಕಿಗೆ ಓಡಿದರು. ದಪ್ಪ ಮೈಯ ಮನುಷ್ಯ, ಓಡಿ ಅಭ್ಯಾಸವಿಲ್ಲ. ಚಪ್ಪಲಿ ಒಂದೊಂದಾಗಿ ರಸ್ತೆಯಲ್ಲೇ ಉಳಿದವು. ತಿರುವಿನಲ್ಲಿ ಮರೆಯಾದರು.

ನನ್ನ ಪೆಟ್ಟಿಗೆಯಲ್ಲಿ ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಕುದಿಸಿದ ಕತ್ತರಿ, ದಾರ, ಹತ್ತಿ, ಸೂಜಿಮದ್ದು. ಅವುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಹುಡುಗಿಯ ಹೊಟ್ಟೆಗೆ ಕೊಳವೆ ಒತ್ತಿ ಕಿವಿಯಿಟ್ಟು ಕೂತೆ. ಮಗುವಿನ ಎದೆಬಡಿತ ಕೇಳುತ್ತಿತ್ತು. ನನ್ನ ಕೊಳವೆ ಸುಳ್ಳು ಹೇಳುವ ಸಾಮಾನಲ್ಲ. ಬಡಿತ ನಿಧಾನವಾದದ್ದನ್ನು ಹೇಳಿತು, ತಪ್ಪತೊಡಗಿದ್ದನ್ನು ಹೇಳಿತು. ಕೇಳುವುದು ಬಿಟ್ಟು ನಾನು ಮಾಡುವಂಥದ್ದು ಏನೂ ಇರಲಿಲ್ಲ. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖ ಬದಲಾಗದಂತೆ ಇಟ್ಟುಕೊಳ್ಳುವುದನ್ನೂ ನಮಗೆ ಕಲಿಸಿದ್ದರು, ಅಷ್ಟನ್ನು ಮಾಡಿದೆ. ಒಂದು ಹೊತ್ತಿನಲ್ಲಿ ಕೊಳವೆಯಲ್ಲಿ ಏನೂ ಕೇಳಲಿಲ್ಲ. ಜಾಗ ಬದಲಿಸಿ ಇಟ್ಟೆ. ಅಲ್ಲಿಯೂ ಕೇಳಲಿಲ್ಲ.

ಅವರು ಹೆಂಚು ಸಾಗಿಸುವ ಒಂದು ಲಾರಿಯನ್ನು ಹಿಡಿದುಕೊಂಡು ಬಂದಾಗ ಅವರ ಅಂಗಾಲು ಒಡೆದು ರಕ್ತ ಸೋರುತ್ತಿತ್ತು. ಹುಡುಗಿಯನ್ನು ಎತ್ತಿ ಲಾರಿಗೆ ಏರಿಸಿದೆವು. ಶಿಕಾರಿಪುರದ ಆಸ್ಪತ್ರೆಯವರು ಅಲ್ಲಿಯೇ ಮೇಜಿನ ಮೇಲೆ ಹಾಕಿ ಹುಡುಗಿಯನ್ನು ಉಳಿಸಿಕೊಟ್ಟರು. ಮಗು ಗಂಡು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಹುಡುಗಿಯ ತಾಯಿಯ ಕೈಗೆ ಕೊಟ್ಟವಳು ನಾನು. ಅವರು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಬರ್ತದ್ರೀ, ಹೌದ್ರೀ ಎಂಬ ಎರಡೇ ಮಾತಿನಲ್ಲಿ ಬದುಕು ಸಾಗಿಸಿದವರಿಗೆ ಅವತ್ತು ಆ ಎರಡೂ ಉಪಯೋಗಕ್ಕೆ ಬರಲಿಲ್ಲ.

ಆ ಸಂಜೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. ತಾನು ಗಲ್ಲಕ್ಕೇ ಎಳೆದಿದ್ದೆನೆಂದೂ, ವ್ಯಾನು ಹೋಗುವಾಗ ನಿಲ್ಲಿಸಿ ಎಂದೇ ಕೈ ಎತ್ತಿದ್ದೆನೆಂದೂ ಹೇಳಿದರು. ಎಳೆಯುವಾಗ ತನ್ನ ಕೈಯೇ ಎಲ್ಲಾದರೂ ತಪ್ಪಿತೋ ಎಂಬ ಸಂಶಯ ಅವರನ್ನು ತಿನ್ನುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ‘ಪಾಪ, ಆಕೀಗೇನು ಗೊತ್ತು’ ಎಂದು ಎದ್ದು ಹೋದರು. ನಮ್ಮ ಮೂವರ ಹೊರತು ಇದು ಇನ್ನಾರಿಗೂ ಗೊತ್ತಿರಲಿಲ್ಲ.

ತಪ್ಪು ಯಾರದೆಂದು ನನ್ನನ್ನು ಕೇಳಿದರೆ ಈಗಲೂ ಹೇಳುತ್ತೇನೆ, ಹೆಚ್ಚಿನದು ಅವರದೇ. ಗೇಜು ಕೆಟ್ಟ ತಿಂಗಳೇ ಹುಬ್ಬಳ್ಳಿಗೆ ಹೋಗಬೇಕಿತ್ತು. ವಾರಕ್ಕೊಮ್ಮೆ ಪೆಟ್ರೋಲಿನಲ್ಲಿ ಓಡಿಸಬೇಕಿತ್ತು. ಆದರೆ ಚಹಾದಂಗಡಿಯವರು ಹಾಕಿದ ಲೆಕ್ಕ ಅಷ್ಟಕ್ಕೆ ನಿಲ್ಲಲಿಲ್ಲ. ಗ್ಯಾಸ್ ಇದೆಯೋ ಇಲ್ಲವೋ ನೋಡದೆ ಬಸುರಿಯನ್ನು ಹತ್ತಿಸಿಕೊಂಡ ಮನುಷ್ಯ ಎಂದರು. ‘ನಾಲ್ಕು ದೀಪದ ಸಾವ್ಕಾರ್ರು’ ಎಂದು ಹೆಸರಿಟ್ಟರು. ನೋಡಿದ್ದೆ ಎಂದು ಅವರು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಏನನ್ನು ನೋಡಿದಿರಿ ಎಂದು ಕೇಳುತ್ತಿದ್ದರು. ಆದ್ದರಿಂದ ಅವರು ಗೇಜನ್ನೇ ಬೈದುಕೊಂಡು ಓಡಾಡಿದರು.

ಬಾಡಿಗೆ ಕಡಿಮೆಯಾಯಿತು. ಆದರೆ ಆ ತಾಯಿ ಮಾತ್ರ ಸೊರಬದ ಸಂತೆಗೆ ಬಂದಾಗಲೆಲ್ಲ ಅವರ ವ್ಯಾನನ್ನೇ ಹತ್ತುತ್ತಿದ್ದಳು. ಹತ್ತುವ ಮೊದಲು ಹಿಂದಿನ ಬಾಗಿಲು ತೆರೆಸಿ ಟ್ಯಾಂಕಿಗೆ ವಿಭೂತಿ ಹಚ್ಚಿ ಕೈ ಮುಗಿಯುತ್ತಿದ್ದಳು. ಅವರು ಪಕ್ಕದಲ್ಲಿ ನಿಂತು ತಾವೂ ಕೈ ಮುಗಿಯುತ್ತಿದ್ದರು. ಆಮೇಲೆ ಆಕೆ ಮುಂದಿನ ಸೀಟಿನಲ್ಲಿ ಕೂತು, ದೀಪಗಳಿದ್ದ ಜಾಗ ನೋಡಿ, ‘ಹಾಳಾದ್ದೇ, ನನ್ನ ಮನೆ ದೀಪ ತೆಗೆದ್ಯಲ್ಲ’ ಎಂದು ಊರು ಬರುವ ತನಕ ಗೇಜನ್ನು ಬೈಯುತ್ತಿದ್ದಳು.

ಆ ಘಟನೆಯಾಗಿ ಕೆಲವು ದಿನಕ್ಕೆ ಅವರು ಹುಬ್ಬಳ್ಳಿಗೆ ಹೋಗಿ ಬಂದಿದ್ದರು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಒಮ್ಮೆ ಶಿಕಾರಿಪುರಕ್ಕೆ ಅವರ ವ್ಯಾನಿನಲ್ಲಿ ಒಬ್ಬಳೇ ಹೋಗುತ್ತಿದ್ದೆ. ಗೇಜಿನ ಮೇಲೆ ಕಪ್ಪು ಅಂಟುಪಟ್ಟಿ ಹಚ್ಚಿತ್ತು. ಸೊರಬ ದಾಟಿದ ಮೇಲೆ ಅವರು ಉಗುರಿನಿಂದ ಪಟ್ಟಿಯ ತುದಿ ಎಬ್ಬಿಸಿ ನೋಡಿದರು. ಎರಡು ದೀಪ ಉರಿಯುತ್ತಿದ್ದವು, ಎರಡು ಆರಿದ್ದವು. ಮತ್ತೆ ಪಟ್ಟಿ ಒತ್ತಿದರು.

‘ಸರಿಯಾಗಿದೆಯಲ್ಲ’ ಎಂದೆ.

‘ಆಗೈತ್ರಿ. ಗುಂಡು ಬದಲು ಮಾಡಿದ್ರು.’

‘ಮತ್ತೆ ಮುಚ್ಚಿದ್ದು ಯಾಕೆ? ಊರಿಗೆಲ್ಲ ಕೆಟ್ಟಿದೆ ಅಂತ ಹೇಳುವುದು ಯಾಕೆ?’

ಅವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ‘ಆ ಅವ್ವ ಹತ್ತಿದ ಕೂಡ್ಲೆ ಇದನ್ನ ಬೈತಾಳ್ರಿ. ಬೈಯಾಕ ಅಕೀಗೆ ಏನಾರ ಬೇಕಲ್ರಿ. ಸರಿಯಾತು ಅಂದ್ರೆ ಬೈಯೋದು ಬಿಡ್ತಾಳ. ಬಿಟ್ಟು ಯೋಚನೆ ಮಾಡಾಕ ಹತ್ತತಾಳ. ಕೆಟ್ಟೇ ಇರ್ಲಿ ಬಿಡ್ರಿ ಅಕ್ಕಾರೇ.’

ಎಲ್ಲಕ್ಕೂ ಏನಾದರೂ ಹೇಳುವವಳು ನಾನು, ಅವತ್ತು ಕಿಟಕಿಯ ಹೊರಗೆ ನೋಡುತ್ತ ಕೂತೆ. ನಾವು ಲಾರಿಗಾಗಿ ಕಾದ ಜಾಗ ಬಂದಾಗ ಅವರು ವ್ಯಾನಿನ ವೇಗ ಇಳಿಸಿದರು. ಅದು ಅವರ ರೂಢಿಯಾಗಿತ್ತು ಎಂದು ಕಾಣುತ್ತದೆ.

ಆಮೇಲೆ ಅವರು ಶಿಕಾರಿಪುರಕ್ಕೆ ಮರಳಿದರು, ನನಗೆ ನಿವೃತ್ತಿಯಾಯಿತು. ವ್ಯಾನು ಮಾರಿಹೋಗಿ ಯಾವ ಕಾಲವಾಯಿತೋ.

ಮೊನ್ನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಬಂದು ಕೂತ ಮುದುಕಿಯ ಗುರುತು ನನಗೆ ಸಿಗಲಿಲ್ಲ, ಆಕೆಗೆ ನನ್ನ ಗುರುತು ಸಿಕ್ಕಿತು. ಬೆನ್ನು ಪೂರ್ತಿ ಬಾಗಿತ್ತು. ಸಾವಿನ ಸುದ್ದಿ ಕೇಳಿ, ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಮಗಳಿಗೆ ಆಮೇಲೆ ಎರಡು ಹೆಣ್ಣು ಮಕ್ಕಳಾದದ್ದನ್ನು ಹೇಳಿದಳು. ಸ್ವಲ್ಪ ಹೊತ್ತು ಅನ್ನ ಕಲಸುತ್ತಿದ್ದು, ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

‘ಅಕ್ಕಾರೇ, ನೀವು ಎದುರು ಮನೇಲಿ ಇದ್ದೋರು. ಆ ಗೇಜು ಕಡೀಗಾದ್ರೂ ಸರಿಯಾತಾ?’

ಪಾಯಸದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದ ಅವರ ಹೆಂಡತಿ ನನ್ನ ಎಲೆಯ ಮುಂದೆ ನಿಂತುಬಿಟ್ಟರು.

‘ಇಲ್ಲ ಕಣಮ್ಮ’ ಎಂದೆ. ‘ಎಷ್ಟು ಮಾಡಿದರೂ ಅದು ಸರಿಯಾಗಲೇ ಇಲ್ಲ.’

‘ಹಾಳಾದ್ದು’ ಎಂದಳು ಮುದುಕಿ, ಮೊದಲಿನಷ್ಟೇ ಸಿಟ್ಟಿನಿಂದ. ಮತ್ತೆ ಅನ್ನಕ್ಕೆ ಕೈ ಹಾಕಿದಳು.

ಅವರ ಹೆಂಡತಿ ಬಗ್ಗಿ ನನ್ನ ಎಲೆಗೆ ಒಂದು ಸೌಟು ಪಾಯಸ ಬಡಿಸಿದರು. ಅದರ ಮೇಲೆ ಇನ್ನೊಂದು ಸೌಟು. ನಾನು ಕೈ ಅಡ್ಡ ಹಿಡಿಯಲಿಲ್ಲ.